ವಲ್ಲಿಯ ಕೆಳಗಿನ ಸಂಬಳ

ಹೊಳಲ್ಕೆರೆಯ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ನಾನು ಹನ್ನೊಂದು ವರ್ಷ ಲೆಕ್ಕ ಬರೆದೆ. ಮನೆಯಿಂದ ಅಂಗಡಿಗೆ ನಡೆದರೆ ಏಳು ನಿಮಿಷ; ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಅರ್ಧ ಗಂಟೆ. ತಿಂಗಳಿಗೆ ಹದಿನಾಲ್ಕು ಸಾವಿರ. ಐದನೇ ತಾರೀಕು ಬಂತೆಂದರೆ ಮಾಲೀಕರು ಕೇಳುವ ಮೊದಲೇ ಲಕೋಟೆ ಕೊಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿನ ಒಂದು ಐದನೇ ತಾರೀಕು ಲಕೋಟೆಯ ಜೊತೆಗೆ ಒಂದು ಮಾತನ್ನೂ ಕೊಟ್ಟರು.

"ನೋಡಮ್ಮ, ನಂಗೂ ಮೊಣಕಾಲು ನೋವು ಜಾಸ್ತಿ ಆತು. ಮಗಳ ಮನೇಲಿ ಹೋಗಿ ಕುಂತ್ಕತೀನಿ. ದೀಪಾವಳಿಗೆ ಅಂಗಡಿ ಬಾಗ್ಲು ಹಾಕಾದೇ. ನೀನು ಈಗ್ಲಿಂದನೇ ಬೇರೆ ಕಡೆ ನೋಡ್ಕ."

ಒಳ್ಳೆಯ ಮನುಷ್ಯ. ಎರಡು ತಿಂಗಳು ಮುಂಚೆ ಹೇಳುವವರು ಎಷ್ಟು ಜನ ಇದ್ದಾರೆ? ಆದರೆ ಒಳ್ಳೆಯವರು ಹೇಳಿದರೂ ಕೆಲಸ ಹೋಗುವುದು ಹೋಗುವುದೇ. ನಮ್ಮ ಮನೆಯವರದು ಪಂಪಿನ ಮೋಟಾರು ರಿಪೇರಿ. ಬೇಸಿಗೆಯಲ್ಲಿ ಅವರಿಗೆ ಉಣ್ಣಲು ಪುರುಸೊತ್ತಿಲ್ಲ, ಮಳೆಗಾಲದಲ್ಲಿ ಉಣ್ಣುವುದು ಬಿಟ್ಟು ಬೇರೆ ಕೆಲಸವಿಲ್ಲ. ವರ್ಷವಿಡೀ ತಪ್ಪದೆ ಮನೆಗೆ ಬರುತ್ತಿದ್ದದ್ದು ನನ್ನ ಹದಿನಾಲ್ಕು ಸಾವಿರ ಒಂದೇ. ಮಗಳು ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಓದು ನನ್ನ ಸಂಬಳದ ಮೇಲೆ ಎಂದು ನಾನೇ ಜಂಬದಿಂದ ಹೇಳಿಕೊಂಡಿದ್ದೆ. ಈಗ ಆ ಜಂಬ ಉಳಿಯಬೇಕಾದರೆ ದೀಪಾವಳಿಯೊಳಗೆ ಕೆಲಸ ಸಿಗಬೇಕು, ಸಂಬಳ ಹದಿನಾಲ್ಕಕ್ಕಿಂತ ಕೆಳಗೆ ಇಳಿಯಬಾರದು.

ಕೆಲಸಗಳಿಗೇನೂ ಬರವಿರಲಿಲ್ಲ. ಮೊಬೈಲಿನಲ್ಲಿ ಉದ್ಯೋಗ ಮಾಹಿತಿಯ ಗುಂಪೊಂದಿತ್ತು, ಬೆಳಗಾದರೆ ಅದರಲ್ಲಿ ನಾಲ್ಕು ಜಾಹೀರಾತು. 'ಹಿರಿಯೂರಿನ ಕಾರ್ಖಾನೆಗೆ ಲೆಕ್ಕ ಬರೆಯುವವರು ಬೇಕು. ಆಕರ್ಷಕ ಸಂಬಳ.' 'ಹೊಸದುರ್ಗದ ಶಾಲೆಯ ಕಚೇರಿಗೆ ಅನುಭವಸ್ಥ ಮಹಿಳೆ ಬೇಕು. ಸಂಬಳ ಅನುಭವಕ್ಕೆ ತಕ್ಕಂತೆ.' 'ಚಿತ್ರದುರ್ಗದಲ್ಲಿ ಅಕೌಂಟ್ಸ್ ಬಲ್ಲವರು ಬೇಕು. ಸಂಬಳ ಸಂದರ್ಶನದಲ್ಲಿ ತಿಳಿಸಲಾಗುವುದು.' ಕೆಲಸದ ಹೊತ್ತು ಬರೆದಿರುತ್ತಿದ್ದರು, ವಯಸ್ಸು ಬರೆದಿರುತ್ತಿದ್ದರು, ಸ್ವಂತ ಸ್ಕೂಟರ್ ಇದ್ದರೆ ಒಳ್ಳೆಯದು ಎಂದೂ ಬರೆದಿರುತ್ತಿದ್ದರು. ಎಷ್ಟು ಕೊಡುತ್ತೇವೆ ಎಂಬುದೊಂದು ಬಿಟ್ಟು.

ನನಗೆ ವಿಚಿತ್ರವೆನಿಸಿದ್ದು ಇದು. ಗಂಡು ನೋಡಲು ಹೋದಾಗ ಕಾಫಿ ಲೋಟ ಕೆಳಗಿಡುವ ಮೊದಲೇ "ಕೈಗೆ ಎಷ್ಟು ಬತ್ತದಪ್ಪ?" ಎಂದು ಕೇಳುವ ಜನ ನಾವು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಸಂಬಳ, ಅವರ ತಮ್ಮನ ಸಂಬಳ, ತಮ್ಮನ ಹೆಂಡತಿಯ ಸಂಬಳ ಇಷ್ಟನ್ನೂ ಚಿಕ್ಕಜಾಜೂರು ಬರುವುದರೊಳಗೆ ತಿಳಿದುಕೊಂಡು ಇಳಿಯುವ ಜನ. ಇಂಥ ಸೀಮೆಯಲ್ಲಿ, ಕೊಡುವವನೊಬ್ಬ ಮಾತ್ರ ಎಷ್ಟು ಕೊಡುತ್ತೇನೆಂದು ಹೇಳುವುದಿಲ್ಲ.

"ಹಾಕಿ ನೋಡು ಅರ್ಜಿ. ಹೋದ್ರೆ ಏನು ಹೋಗ್ತದೆ, ಬಸ್ಸೂ ಫ್ರೀ" ಎಂದರು ನಮ್ಮ ಮನೆಯವರು.

ಆ ಮಾತು ಹಿಡಿದು ಹಿರಿಯೂರಿಗೆ ಹೋದೆ. ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ನಿಜ. ಆದರೆ ಚಿತ್ರದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಊರ ಹೊರಗಿನ ಕಾರ್ಖಾನೆಗೆ ಆಟೋ ಹಿಡಿದು ಮುಟ್ಟುವ ಹೊತ್ತಿಗೆ ಹನ್ನೊಂದೂವರೆ. ಅದು ತೆಂಗಿನ ನಾರಿನ ಕಾರ್ಖಾನೆ. ಗಾಳಿಯಲ್ಲೆಲ್ಲ ನಾರಿನ ಧೂಳು. ಸಂದರ್ಶನ ಮಾಡುವವರು ಕೆಮ್ಮುತ್ತ ಪ್ರಶ್ನೆ ಕೇಳಿದರು, ನಾನು ಸೀನುತ್ತ ಉತ್ತರ ಹೇಳಿದೆ. ಟ್ಯಾಲಿ ಬರುತ್ತದೆಯೇ ಎಂದು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಗಂಟೆ ಪರೀಕ್ಷೆ ಮಾಡಿದರು. ಜಿಎಸ್‌ಟಿ ಕೇಳಿದರು. ನಡುವೆ ಒಂದು ಹಾಳೆ ತುಂಬಿಸಲು ಕೊಟ್ಟರು. ಅದರಲ್ಲಿ 'ಈಗಿನ ಸಂಬಳ' ಎಂದಿತ್ತು, ಹದಿನಾಲ್ಕು ಸಾವಿರ ಎಂದು ಬರೆದೆ. ಅದರ ಕೆಳಗೆ 'ನಿರೀಕ್ಷಿಸುವ ಸಂಬಳ' ಎಂದಿತ್ತು.

ಅಲ್ಲಿ ನಾನು ಮಾಡಿದ ಕೆಲಸ ಈಗ ನೆನೆದರೂ ನಗು ಬರುತ್ತದೆ. ನಮ್ಮ ಕಡೆ ಡೋಲಿನವರಿಗೆ, ಅಡಿಗೆಯವರಿಗೆ, ಬಾವಿಯ ಹೂಳು ತೆಗೆಯುವವರಿಗೆ ಎಷ್ಟು ಕೊಡಬೇಕೆಂದು ಕೇಳಿದರೆ, "ನೀವೇ ತಿಳ್ಕಂಡು ಕೊಡ್ರಿ" ಎನ್ನುತ್ತಾರೆ. ಹಾಗೆಂದವರಿಗೆ ಕಡಿಮೆ ಕೊಟ್ಟರೆ ಕೊಟ್ಟವನ ಮರ್ಯಾದೆ ಹೋಗುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಅದೇ ಧೈರ್ಯದ ಮೇಲೆ ನಾನು ಆ ಖಾಲಿ ಜಾಗದಲ್ಲಿ ದುಂಡಗೆ ಬರೆದೆ: ತಾವು ತಿಳಿದು ಕೊಟ್ಟಷ್ಟು.

ಅವರು ತಿಳಿದರು. ಮೂರು ಗಂಟೆಗೆ ಕರೆದು, "ನಿಮ್ಮ ಕೆಲಸ ನಮಗೆ ಇಷ್ಟ ಆಯ್ತು ಮೇಡಂ, ಹನ್ನೊಂದು ಸಾವಿರ ಕೊಡ್ತೀವಿ" ಎಂದರು. ಹದಿನಾಲ್ಕು ಎಂದು ಮೇಲಿನ ಸಾಲಿನಲ್ಲೇ ಬರೆದಿದ್ದೇನಲ್ಲ ಎಂದೆ. "ಅದು ಈಗಿಂದು ಮೇಡಂ. ನಿರೀಕ್ಷೆ ನೀವು ನಮ್ಗೇ ಬಿಟ್ಟಿದ್ರಲ್ಲ" ಎಂದರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಜಗಲಿಯ ಮೇಲೆ ಅಜ್ಜ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಅಜ್ಜ ಎಂದರೆ ನಮ್ಮವ್ವನ ಅಪ್ಪ. ಆರು ತಿಂಗಳು ಮಾಡದಕೆರೆಯಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ, ಆರು ತಿಂಗಳು ನಮ್ಮಲ್ಲಿ. ಎರಡೂ ಕಡೆ ಅವನೇ ಯಜಮಾನ. ವಯಸ್ಸು ಎಷ್ಟಜ್ಜ ಎಂದು ಯಾರಾದರೂ ಕೇಳಿದರೆ, "ಹಲ್ಲು ನೋಡಿ ಹೇಳಾಣ ಅಂದ್ರೆ ಹಲ್ಲೇ ಇಲ್ಲಪ್ಪ" ಎನ್ನುತ್ತಾನೆ. ಹಾಗೆನ್ನಲು ಕಾರಣವಿದೆ. ನಲವತ್ತು ವರ್ಷ ಅವನು ದನದ ಸಂತೆಗಳಲ್ಲಿ ಎತ್ತಿನ ದಲ್ಲಾಳಿಯಾಗಿದ್ದ. ಹಿರಿಯೂರು, ಹೊಸದುರ್ಗದ ಕಡೆಯ ಸಂತೆಗಳಲ್ಲಿ ಅವನು ಹಲ್ಲು ಎಣಿಸದ ಎತ್ತಿರಲಿಲ್ಲ. ನನಗೆ ಮಾತು ಕಲಿಸಿದವನೂ ಅವನೇ, ಅಜ್ಜಿ ತಿದ್ದಿದಳು. ಅವನು ಕಲಿಸಿದ್ದರಲ್ಲಿ ಅರ್ಧ ಮಾತು ಅವಳು ತಿದ್ದಬೇಕಾಗಿತ್ತು.

ನಾನು ಹಿರಿಯೂರಿನ ಕತೆ ಹೇಳಿದೆ. ಅಜ್ಜ ಕಾಯಿ ಸುಲಿಯುವುದು ನಿಲ್ಲಿಸಲಿಲ್ಲ.

"ಬಾಯಿ ಬಿಡ್ಸಿ ಹಲ್ಲು ನೋಡಿದ್ರಾ?"

"ನೋಡಿದ್ರು. ಟ್ಯಾಲಿ ಅಂತ ಒಂದು ಐತೆ, ಅದನ್ನ ಮಾಡಿಸಿ ನೋಡಿದ್ರು."

"ನಡೆಸಿ ನೋಡಿದ್ರಾ?"

"ಆಟೋ ಸಿಗಲಿಲ್ಲ, ವಾಪಸ್ ಬರೋವಾಗ ನಾನೇ ನಡೆದೆ."

"ಇಷ್ಟೆಲ್ಲ ಆದ ಮೇಲೆ ಬೆಲೆ ಕೇಳಿದ್ದಾ? ಲೇ ಹುಡುಗಿ, ಸಂತೇಲಿ ತನ್ನ ಬೆಲೆ ಎಷ್ಟು ಅಂತ ಗೊತ್ತಿಲ್ದೆ ನಿಂತಿರದು ಎತ್ತು ಒಂದೇ ಕಣೆ. ಮಿಕ್ಕೋರಿಗೆಲ್ಲ ಗೊತ್ತಿರತೈತೆ."

ನಮ್ಮ ಮನೆಯವರು ಒಳಗಿನಿಂದ ನಕ್ಕರು. ನಾನು ಸಿಟ್ಟಿಗೆದ್ದು, ಇನ್ನು ಮೇಲೆ ಸಂಬಳ ಬರೆಯದ ಯಾವ ಕೆಲಸಕ್ಕೂ ಅರ್ಜಿ ಹಾಕುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ. ಆ ಶಪಥದಂತೆ ಹೊಸದುರ್ಗದ ಶಾಲೆಯ ಜಾಹೀರಾತನ್ನು ಮೊಬೈಲಿನಿಂದ ಅಳಿಸಿ ಹಾಕಿದೆ. ಅನುಭವಕ್ಕೆ ತಕ್ಕಂತೆ ಸಂಬಳವಂತೆ. ನನ್ನ ಅನುಭವ ಹಿರಿಯೂರಿನಲ್ಲೇ ಆಗಿತ್ತು.

ಹದಿನೈದು ದಿನ ಕಳೆದ ಮೇಲೆ ನಮ್ಮ ಬೀದಿಯ ಹೆಂಗಸೊಬ್ಬಳು ಪೇಡ ಹಂಚಲು ಬಂದಳು. ನನ್ನ ಹತ್ತಿರವೇ ಟ್ಯಾಲಿ ಕಲಿತವಳು. ಹೊಸದುರ್ಗದ ಅದೇ ಶಾಲೆ, ಅದೇ ಕಚೇರಿ, ಹದಿನೆಂಟು ಸಾವಿರ.

"ನೀವೂ ಹಾಕ್ತೀರೇನೋ ಅಂತ ನಾನು ಹೆದರ್ಕಂಡಿದ್ದೆ ಅಕ್ಕ. ನೀವು ಬಂದಿದ್ರೆ ನಂಗೆ ಸಿಕ್ತಿರಲಿಲ್ಲ" ಎಂದಳು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಹುಡುಗಿ. ನಾನು ಪೇಡ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ನುಂಗಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ.

ಹಾಕಿದರೆ ಹನ್ನೊಂದು, ಹಾಕದಿದ್ದರೆ ಹದಿನೆಂಟು ಕೈತಪ್ಪುತ್ತದೆ. ಹಾಕಬೇಕೋ ಬೇಡವೋ? ದೀಪಾವಳಿಗೆ ಒಂದು ತಿಂಗಳೂ ಉಳಿದಿರಲಿಲ್ಲ. ಅಂಗಡಿಯಲ್ಲಿ ಮಾಲೀಕರು ಉಳಿದ ಬೀಜದ ಚೀಲಗಳನ್ನು ಒಂದೊಂದಾಗಿ ಸಾಗಿಸುತ್ತಿದ್ದರು. ಗೋದಾಮು ಖಾಲಿಯಾದಂತೆಲ್ಲ ನಾನು ಕೂತ ಕುರ್ಚಿ ದೊಡ್ಡದಾಗಿ ಕಾಣುತ್ತಿತ್ತು. ಮೊಬೈಲಿನಲ್ಲಿ ಇನ್ನೂ ಉಳಿದಿದ್ದದ್ದು ಚಿತ್ರದುರ್ಗದ ಆ ಒಂದು ಜಾಹೀರಾತು. ಪಂಪ್‌ಸೆಟ್ಟು, ಪೈಪಿನ ಅಂಗಡಿ. 'ಸಂಬಳ ಸಂದರ್ಶನದಲ್ಲಿ ತಿಳಿಸಲಾಗುವುದು.' ಶನಿವಾರ ಕಡೆಯ ದಿನ.

ಅಜ್ಜನ ಪಕ್ಕದಲ್ಲಿ ಕೂತು ನಾನೂ ಕಡಲೆಕಾಯಿ ಸುಲಿಯತೊಡಗಿದೆ.

"ಅಜ್ಜ, ಸಂತೇಲೂ ಬೆಲೆ ಮುಚ್ಚಿಡ್ತಿದ್ರಲ್ಲ, ಯಾಕೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಕೂಗುವುದಿಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಇಬ್ಬರ ಕೈಮೇಲೆ ಹೊದಿಸುತ್ತಾನೆ. ವಲ್ಲಿ ಎಂದರೆ ಟವಲು. ಅದರ ಕೆಳಗೆ ಬೆರಳು ಹಿಡಿದು ಲೆಕ್ಕ. ನಮ್ಮಜ್ಜನ ಲೆಕ್ಕದಲ್ಲಿ ಒಂದು ಬೆರಳು ಹಿಡಿದರೆ ಒಂದು ಸಾವಿರ, ಐದನ್ನೂ ಕೂಡಿಸಿ ಹಿಡಿದರೆ ಐದು, ಅಂಗೈ ಒತ್ತಿದರೆ ಹತ್ತು, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಸುತ್ತ ಐವತ್ತು ಜನ ನಿಂತು ನೋಡುತ್ತಿದ್ದರೂ ಒಳಗೆ ಏನು ನಡೆಯಿತೆಂದು ಗೊತ್ತಾಗುವುದು ಆ ಇಬ್ಬರಿಗೆ ಮಾತ್ರ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಜ್ಜ ಇದನ್ನು ನನಗೆ ಕಲಿಸಿದ್ದ. ಕೂಡುವ ಲೆಕ್ಕ ಬರಲಿ ಎಂದು ಕಲಿಸಿದನೋ, ಹೊತ್ತು ಹೋಗಲೆಂದು ಕಲಿಸಿದನೋ. "ಹೆಣ್ಮಗಿಗೆ ಯಾಕೆ ಸಂತೆ ವಿದ್ಯೆ? ನಾಳೆ ಅತ್ತೆ ಮನೇಲಿ ಎತ್ತು ಮಾರ್ತಾಳಾ?" ಎಂದು ಅಜ್ಜಿ ಗೊಣಗುತ್ತಿದ್ದಳು. ಅಜ್ಜ ಅವಳ ಕೈಮೇಲೂ ವಲ್ಲಿ ಹಾಕಿ ಏನೋ ಒಂದು ಲೆಕ್ಕ ಒತ್ತುತ್ತಿದ್ದ, ಅವಳು ನಕ್ಕು ಕೈ ಕಿತ್ತುಕೊಂಡು ಒಲೆಯ ಕಡೆ ಹೋಗುತ್ತಿದ್ದಳು.

"ಮುಚ್ಚಿಡ್ತಿದ್ವಿ. ಯಾರಿಂದ ಮುಚ್ಚಿಡ್ತಿದ್ವಿ?" ಎಂದ ಅಜ್ಜ. "ನಿಂತು ನೋಡೋರಿಂದ. ನಿನ್ನ ಎತ್ತು ನಲವತ್ತಕ್ಕೆ ಹೋತು ಅಂದ್ರೆ ಪಕ್ಕದೋನು ನಂದೂ ನಲವತ್ತು ಅಂತ ಕುಂತ್ಕತಾನೆ. ಮೂವತ್ತಕ್ಕೆ ಕೇಳಿದ್ರು ಅಂತ ಗೊತ್ತಾದ್ರೆ ನಿನ್ನ ಎತ್ತು ಅಗ್ಗ ಆಗತೈತೆ. ಅದ್ಕೆ ವಲ್ಲಿ. ಆದ್ರೆ ಕೊಡೋನಿಗೂ ತಗಳೋನಿಗೂ ಮಧ್ಯೆ ಯಾವ ವಲ್ಲೀನೂ ಇಲ್ಲ. ಕೈ ಮೇಲೆ ಕೈ ಇರತೈತೆ."

"ಹಂಗಾದ್ರೆ ಹೋಗಬೇಕೋ ಬೇಡ್ವೋ ಅಂತ ಹೆಂಗೆ ಗೊತ್ತಾಗದು?"

"ಕೈ ಕೊಡು ಅನ್ನು. ಊರಿಂದ ಮುಚ್ಚಿಡೋನು ಕೈ ಕೊಡ್ತಾನೆ. ನಿನ್ನಿಂದ ಮುಚ್ಚಿಡೋನು, ಮೊದ್ಲು ಎತ್ತು ನಡೆಸು, ಹಲ್ಲು ತೋರ್ಸು, ನಾಳೆ ಬಾ ಅಂತಾನೆ. ಅವನು ಕೊಳ್ಳಕ್ಕೆ ಬಂದೋನಲ್ಲ, ಹೊತ್ತು ಕಳೆಯಕ್ಕೆ ಬಂದೋನು."

ನಾನು ಕೈಯ ಸಿಪ್ಪೆ ಕೊಡವಿಕೊಂಡು ಮೊಬೈಲು ತೆಗೆದುಕೊಂಡೆ.

ಆ ಕಡೆ ಫೋನು ಎತ್ತಿದ್ದು ಒಬ್ಬ ಹುಡುಗಿ. ಸಂಬಳ ಕೇಳಿದೆ. "ಅದು ನಂಗೆ ಗೊತ್ತಿಲ್ಲ ಮೇಡಂ, ಸಂದರ್ಶನಕ್ಕೆ ಬನ್ನಿ, ಸಾರ್ ಹೇಳ್ತಾರೆ" ಎಂದಳು. ಹಾಗಾದರೆ ಸಾರ್ ಹತ್ತಿರವೇ ಕೊಡಮ್ಮ ಎಂದೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಾನು ಸಂಬಳದ ಮಾತು ಎತ್ತಿದವಳಲ್ಲ. ಎರಡು ಸಲ ಜಾಸ್ತಿ ಮಾಡಿದ್ದೂ ಮಾಲೀಕರೇ ನೆನಪಿಟ್ಟುಕೊಂಡು.

ಫೋನಿಗೆ ಬಂದ ದನಿ ವಯಸ್ಸಾದವರದು. ಹಿಂದೆ ಪೈಪು ಕೊಯ್ಯುವ ಗರಗಸದ ಸದ್ದು.

"ಹೇಳಮ್ಮ."

"ಸಾರ್, ನಾನು ಹೊಳಲ್ಕೆರೆಯಿಂದ. ಕೆಲಸಕ್ಕೆ ಬರಬೇಕು ಅಂತಿದೀನಿ. ಸಂಬಳ ಎಷ್ಟು ಅಂತ ಹೇಳಿದ್ರೆ..."

ಗರಗಸದ ಸದ್ದು ನಿಂತಿತು. "ಎದುರಿಗೆ ಬಾರಮ್ಮ, ಹೇಳ್ತೀನಿ. ಇಲ್ಲಿ ಜನ ಅವ್ರೆ."

ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ಮಾತನ್ನೇ ನನ್ನದು ಮಾಡಿಕೊಂಡು ಹೇಳಿದೆ: "ಜನಕ್ಕೆ ಹೇಳಬ್ಯಾಡ್ರಿ ಸಾರ್. ನಂಗೆ ಒಂದು ಮಾತು ಹೇಳ್ರಿ ಸಾಕು. ಈಗ ಹದಿನಾಲ್ಕು ಬತ್ತೈತೆ. ಅದರ ಕೆಳಗೋ, ಮೇಲೋ? ಕೆಳಗಿದ್ರೆ ನಿಮ್ಗೂ ಹೊತ್ತು ದಂಡ, ನಂಗೂ ದಂಡ."

ಅವರು ಮೆಲ್ಲಗೆ, "ಮೇಲೇ ಐತೆ ಬಾ" ಎಂದರು. ಗರಗಸ ಮತ್ತೆ ಶುರುವಾಯಿತು.

"ಕೈ ಕೊಟ್ನಾ?" ಎಂದ ಅಜ್ಜ.

"ಒಂದು ಬೆರಳು ಕೊಟ್ಟ."

"ಸಾಕು, ಹೋಗಾಣ."

ಹೋಗಾಣ ಎಂದದ್ದನ್ನು ನಾನು ಸುಮ್ಮನೆ ಬಾಯಿಮಾತು ಎಂದುಕೊಂಡೆ. ಶನಿವಾರ ಬೆಳಿಗ್ಗೆ ನೋಡಿದರೆ ಅಜ್ಜ ಬಿಳೀ ಅಂಗಿ ಹಾಕಿಕೊಂಡು, ಇಸ್ತ್ರಿ ಮಾಡಿದ ವಲ್ಲಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಕಣ್ಣಿನ ಡಾಕ್ಟರಿಗೆ ತೋರಿಸಬೇಕಂತೆ, ದುರ್ಗದಲ್ಲೇ ತೋರಿಸಬೇಕಂತೆ, ಅವತ್ತೇ ತೋರಿಸಬೇಕಂತೆ. ಸಂದರ್ಶನಕ್ಕೆ ಅಜ್ಜನನ್ನು ಕರೆದುಕೊಂಡು ಹೋಗುವವರು ಯಾರಿದ್ದಾರೆ? "ನೀನು ಒಳಗೆ ಹೋಗು, ನಾನು ಹೊರಗೆ ಕುಂತಿರ್ತೀನಿ" ಎಂದು ಒಪ್ಪಿಸಿದ. ಬಸ್ಸಿನಲ್ಲಿ ನನಗೆ ಸೊನ್ನೆಯ ಟಿಕೆಟ್ಟು ಬಂತು, ಅವನು ದುಡ್ಡು ಕೊಡಬೇಕಾಯಿತು. "ನಲವತ್ತು ವರ್ಷ ಈ ದಾರೀಲಿ ಎತ್ತು ಹೊಡ್ಕಂಡು ಓಡಾಡೀನಿ ಕಣಪ್ಪ, ನಂಗೇನೂ ಇಲ್ಲೇನು?" ಎಂದು ಕಂಡಕ್ಟರನನ್ನು ಕೇಳಿದ. "ಎತ್ತಿಗಾದ್ರೆ ಲಗೇಜ್ ಹಾಕ್ತಿದ್ದೆ ತಾತ, ನಿಂಗೆ ಅಷ್ಟು ಉಳಿತು ಅನ್ಕ" ಎಂದ ಅವನು.

ಅಂಗಡಿ ಹೊಳಲ್ಕೆರೆ ರಸ್ತೆಯಲ್ಲೇ ಸಿಕ್ಕಿತು. ಒಳಗೆ ಹೊರಗೆ ಎಂಬುದೇ ಅಲ್ಲಿರಲಿಲ್ಲ. ಉದ್ದನೆಯ ಒಂದೇ ಕೋಣೆ. ಗೋಡೆಗೆ ಒರಗಿಸಿದ ಪೈಪುಗಳು, ಸಾಲಾಗಿ ಮೋಟಾರು, ನಡುವೆ ಒಂದು ಮೇಜು. ಮೇಜಿನ ಹಿಂದೆ ಯಜಮಾನರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು. ಆಚೆ ಫೋನಿನ ಹುಡುಗಿ. ಈಚೆ ಪೈಪು ಕೊಯ್ಯುವ ನಡುವಯಸ್ಸಿನ ಒಬ್ಬ ಕೆಲಸಗಾರ. ಹೊರಗೆ ಕೂರುತ್ತೇನೆಂದ ಅಜ್ಜನಿಗೆ ಯಜಮಾನರೇ, "ಬರ್ರಿ ಯಜಮಾನ್ರೆ, ಕುಂತ್ಕಳ್ರಿ" ಎಂದು ಕುರ್ಚಿ ಎಳೆದುಕೊಟ್ಟರು. ಮುಗಿಯಿತು.

ಅವರು ಹಲ್ಲು ನೋಡುವುದನ್ನು ಬೇಗ ಮುಗಿಸಿದರು. ಗೊಬ್ಬರದ ಅಂಗಡಿಯಲ್ಲಿ ಹನ್ನೊಂದು ವರ್ಷ ಎಂದದ್ದೇ ಸಾಕಾಯಿತು. ನಮ್ಮ ಮಾಲೀಕರು ಅವರಿಗೆ ಗೊತ್ತಿದ್ದವರೇ. ಆಮೇಲೆ ಮಾತು ಬರಬೇಕಾದಲ್ಲಿಗೆ ಬಂತು.

"ಸರಿ ಹೇಳಮ್ಮ, ಎಷ್ಟು ಬೇಕು?"

ಗರಗಸ ನಿಂತಿತು. ಯಜಮಾನರು ಅತ್ತ ನೋಡಿದರು. ಗರಗಸ ಎರಡು ಸಲ ಆಡಿತು, ಮತ್ತೆ ನಿಂತಿತು. ನನ್ನ ಬಾಯಿಗೆ, ಹುಟ್ಟಿದಾಗಿನಿಂದ ಕೇಳಿದ ಅದೇ ಮಾತು ಬರುತ್ತಿತ್ತು: ನೀವೇ ತಿಳ್ಕಂಡು... ಅಜ್ಜ ಕೆಮ್ಮಿದ. ನಾನು ಆ ಮಾತು ನುಂಗಿದೆ.

"ಮೇಲೇ ಐತೆ ಅಂದಿದ್ರಿ ಸಾರ್. ಎಷ್ಟು ಮೇಲೆ?"

ಅವರು ಬಾಯಿ ತೆರೆದರು, ಪೈಪಿನವನ ಕಡೆ ನೋಡಿದರು, ಬಾಯಿ ಮುಚ್ಚಿದರು. ಆಗ ನನಗೆ ಅವರ ಕಷ್ಟ ಕಂಡಿತು. ಆ ಮನುಷ್ಯ ಎಷ್ಟೋ ವರ್ಷದಿಂದ ಅಲ್ಲಿ ಪೈಪು ಕೊಯ್ಯುತ್ತಿರಬೇಕು. ಇವತ್ತು ಬಂದವಳಿಗೆ ಎಷ್ಟು ಎಂದು ಅವನೆದುರು ಹೇಳುವುದು ಹೇಗೆ? ಕರೆದು ಗುಟ್ಟು ಹೇಳಲು ಇನ್ನೊಂದು ಕೋಣೆಯೂ ಇಲ್ಲ. ಜಾಹೀರಾತಿನಲ್ಲಿ ಸಂಬಳ ಬರೆಯದೆ ಬಿಟ್ಟ ಕಾರಣ ಗರಗಸ ಹಿಡಿದು ಎದುರಿಗೇ ನಿಂತಿತ್ತು.

ಅಜ್ಜ ಎದ್ದ. ಹೆಗಲ ಮೇಲಿನ ವಲ್ಲಿ ತೆಗೆದು ಒಮ್ಮೆ ಕೊಡವಿ, ತನ್ನ ಬಲಗೈ ಮೇಜಿನ ಮೇಲೆ ಚಾಚಿ, ಅದರ ಮೇಲೆ ಹೊದಿಸಿದ.

"ಕೊಡ್ರಿ ಸಾವ್ಕಾರ್ರೆ ಕೈ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಯಜಮಾನರು ವಲ್ಲಿಯನ್ನು ನೋಡಿದರು, ಅಜ್ಜನನ್ನು ನೋಡಿದರು. ಅವರ ಮುಖ ಹತ್ತು ವರ್ಷದ ಹುಡುಗನ ಮುಖದಂತೆ ಅರಳಿತು.

"ನಮ್ಮಪ್ಪ ಎತ್ತು ಹಿಡಿಯಕ್ಕೆ ಹೋದಾಗ ನೋಡಿದ್ದೆ. ನಂಗೆ ಪೂರ್ತಿ ಬರಲ್ಲ ಯಜಮಾನ್ರೆ."

"ಬೆರಳಿಗೊಂದು ಸಾವಿರ, ಅಂಗೈಗೆ ಹತ್ತು. ಕೊಡ್ರಿ, ಕಲಿಸ್ತೀನಿ."

ಕೈ ಒಳಗೆ ಹೋಯಿತು. ವಲ್ಲಿ ಅಲ್ಲಾಡಿತು. ಯಜಮಾನರು ತಲೆ ಅಡ್ಡಕ್ಕೆ ಆಡಿಸಿದರು, ಅಜ್ಜ ಕಣ್ಣು ಮುಚ್ಚಿದ. ಮತ್ತೆ ವಲ್ಲಿ ಅಲ್ಲಾಡಿತು. ಫೋನಿನ ಹುಡುಗಿ ಬಂದು ನಿಂತಳು. ಪೈಪಿನವನು ಗರಗಸ ಕೆಳಗಿಟ್ಟು ರಾಜಾರೋಷವಾಗಿ ಬಂದು ನಿಂತ. ಒಂದು ಮಾತಿಲ್ಲ. ಎರಡು ಮುದಿ ಕೈಗಳು ಬಟ್ಟೆಯ ಕೆಳಗೆ ನನ್ನ ದೀಪಾವಳಿಯನ್ನು ಅಳೆಯುತ್ತಿದ್ದವು. ಕೊನೆಗೆ ಅಜ್ಜ ಕಣ್ಣು ಬಿಟ್ಟು, "ಆತು ಬಿಡ್ರಿ, ಸಂಚಕಾರ ತರ್ರಿ" ಎಂದ. ಸಂಚಕಾರ ಎಂದರೆ ವ್ಯಾಪಾರ ಕುದುರಿದ್ದಕ್ಕೆ ಕೊಡುವ ಮುಂಗಡ.

"ಎಷ್ಟಕ್ಕಜ್ಜ?" ಎಂದೆ.

"ಸುಮ್ಕಿರು. ಬಸ್ಟ್ಯಾಂಡಲ್ಲಿ ಹೇಳ್ತೀನಿ. ಸಂತೇಲಿ ಬಾಯಿ ಬಿಡಂಗಿಲ್ಲ."

ಅವನು ತಮಾಷೆಗೆ ಹೇಳಿದ್ದಲ್ಲ. ನಲವತ್ತು ವರ್ಷದ ಅಭ್ಯಾಸ ಅವನನ್ನು ಹಿಡಿದುಕೊಂಡಿತ್ತು. ಎತ್ತು ಕಟ್ಟಿದವನು ದೂರದ ಹುಣಸೆಮರದ ಕೆಳಗೆ ಕೂತಿರುತ್ತಾನೆ, ದಲ್ಲಾಳಿ ಮುಗಿಸಿಕೊಂಡು ಬಂದು ಹೇಳುತ್ತಾನೆ. ಬಾಯಿಗೆ ಬೀಗ ಹಾಕಿದ ಜಾಹೀರಾತುಗಳು, ಹಿರಿಯೂರಿನ ಧೂಳು, ಹೊಸದುರ್ಗದ ಪೇಡ, ಎಲ್ಲ ದಾಟಿ ಇಲ್ಲಿಗೆ ಬಂದರೆ ಈಗ ನನ್ನ ಸಂಬಳ ಗೊತ್ತಿರುವುದು ನಮ್ಮಜ್ಜನಿಗೆ, ನನಗಲ್ಲ.

"ಅಜ್ಜ, ಬೆಲೆ ಗೊತ್ತಿಲ್ದೆ ನಿಂತಿರದು ಎತ್ತು ಒಂದೇ ಅಂದೋನು ನೀನೇ" ಎಂದೆ. "ನಾನು ಎತ್ತಲ್ಲ. ಎತ್ತಿನೊಡತಿ. ಕೈ ಕೊಡು ಇಲ್ಲಿ."

ಪೈಪಿನವನು ಫಕ್ಕನೆ ನಕ್ಕ. ಅಜ್ಜ ಎಡಗೈಯನ್ನೂ ವಲ್ಲಿಯ ಕೆಳಗೆ ತಂದ. ನಾನು ಕೈ ಒಳಗಿಟ್ಟೆ. ಎರಡನೇ ಕ್ಲಾಸಿನ ಮೇಲೆ ಆ ಬೆರಳುಗಳನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಒಣಗಿ ಕಡ್ಡಿಯಾಗಿದ್ದವು, ಆದರೆ ಹಿಡಿತ ಅದೇ. ಅಂಗೈ ಒಂದು ಸಲ ಒತ್ತಿದ. ಐದು ಬೆರಳೂ ಕೂಡಿಸಿ ಒಂದು ಸಲ. ಕಿರುಬೆರಳು ಒಂದು. ಹದಿನಾರು.

ಹದಿನಾರು ಕೆಟ್ಟದ್ದಲ್ಲ. ಆದರೆ ಕೆಂಪು ಬಸ್ಸು ತಪ್ಪಿದ ದಿನ ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು, ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ದಿನಕ್ಕೆ ಎರಡೂವರೆ ಗಂಟೆ ದಾರಿಯಲ್ಲೇ ಹೋಗುತ್ತದೆ. ನಾನು ಅಜ್ಜನ ಕಿರುಬೆರಳು ಬಿಟ್ಟು ಮೂರು ಬೆರಳು ಹಿಡಿದೆ. ಅವನು ಹುಬ್ಬು ಏರಿಸಿದ, ಬಲಗೈಯಿಂದ ಯಜಮಾನರಿಗೆ ದಾಟಿಸಿದ. ಯಜಮಾನರು ನಿಟ್ಟುಸಿರು ಬಿಟ್ಟರು. ಎರಡು ಬೆರಳು ಬಂತು. ನಾನು ಆ ಎರಡನ್ನೂ ಹಿಡಿದುಕೊಂಡೇ ಇನ್ನೊಂದರ ನಡುಗೆಣ್ಣು ಒತ್ತಿದೆ. ಅದು ಆಚೆ ಹೋಗಿ ಮುಟ್ಟಿದ್ದು ಯಜಮಾನರ ಮುಖದಲ್ಲಿ ಕಂಡಿತು.

"ಏನಮ್ಮ, ಗೆಣ್ಣೂ ಗೊತ್ತಾ ನಿಂಗೆ? ಆತು, ಆತು."

ಹದಿನೇಳೂವರೆ. ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಒಮ್ಮೆ ಬಾಯಿ ಬಿಟ್ಟರೆ ಮುಂದಿನದು ಸಲೀಸು. "ಇನ್ನೊಂದೈತೆ ಸಾರ್. ಸಾಯಂಕಾಲ ಐದೂವರೆಗೆ ನನ್ನ ಬಿಡಬೇಕು, ಬಸ್ಸಿಗೆ. ಅದಕ್ಕೆ ವಲ್ಲೀಲಿ ಬೆರಳಿಲ್ಲ, ಬಾಯಲ್ಲೇ ಹೇಳ್ತಿದೀನಿ."

"ಬಾಯಲ್ಲೇ ಒಪ್ಪಿದೀನಿ" ಎಂದರು ಅವರು. ಹುಡುಗಿಯನ್ನು ಕಳಿಸಿ ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಅಜ್ಜ ಹಲ್ಲಿಲ್ಲದ ಬಾಯಲ್ಲಿ ಮಂಡಕ್ಕಿಯನ್ನು ನೆನೆಸಿ ನೆನೆಸಿ ತಿನ್ನುತ್ತ, ಎರಡೂ ಕಡೆಯಿಂದ ದಲ್ಲಾಳಿಯ ದುಡ್ಡು ಬರಬೇಕೆಂದು ನೆನಪಿಸಿದ. ಯಜಮಾನರು ಇನ್ನೆರಡು ಮೆಣಸಿನಕಾಯಿ ಹಾಕಿಸಿದರು. ಪೈಪಿನವನು ನನ್ನ ಹತ್ತಿರ ಬಂದು, "ಎಷ್ಟಕ್ಕ?" ಎಂದು ಮೆಲ್ಲಗೆ ಕೇಳಿದ. ನಾನು ಅವನ ಕೈಮೇಲೆ ಮಂಡಕ್ಕಿ ಪೊಟ್ಟಣ ಇಟ್ಟೆ. ಇಬ್ಬರೂ ನಕ್ಕೆವು. ಅವನ ಸಂಬಳವನ್ನು ತಿಂಗಳಾ ತಿಂಗಳಾ ಬರೆಯಬೇಕಾದವಳು ನಾನೇ ಎಂದು ಅವನಿಗೆ ಆಗ ಹೊಳೆದಿರಲಿಲ್ಲ.

ಕಣ್ಣಿನ ಡಾಕ್ಟರ ಬಳಿ ಹೋಗಾಣ ಎಂದರೆ ಅಜ್ಜ, "ಚೆನ್ನಾಗೇ ಕಾಣ್ತೈತೆ ಬಿಡು" ಎಂದ.

ದೀಪಾವಳಿ ಕಳೆದ ಮರುವಾರವೇ ಕೆಲಸಕ್ಕೆ ಸೇರಿದೆ. ವರ್ಷ ತಿರುಗಿತು, ಅಂಗಡಿಯಲ್ಲಿ ಕೆಲಸ ಹೆಚ್ಚಿ, ನನ್ನ ಕೈಕೆಳಗೆ ಇನ್ನೊಬ್ಬರು ಬೇಕಾದರು. ಜಾಹೀರಾತು ಬರೆಯುವುದೂ ನನ್ನ ಪಾಲಿಗೇ ಬಂತು. "ಸಂಬಳ ಮಾತ್ರ ಹಾಕಬ್ಯಾಡಮ್ಮ" ಎಂದು ಯಜಮಾನರು ಗರಗಸದ ಕಡೆ ಕಣ್ಣು ಮಾಡಿದರು. ಹಾಕಲಿಲ್ಲ. ಆದರೆ ಕೆಳಗೆ ಒಂದು ಸಾಲು ಸೇರಿಸಿದೆ: ಫೋನ್ ಮಾಡಿ ಕೇಳಿದವರಿಗೆ ಸಂಬಳ ಫೋನಿನಲ್ಲೇ ಹೇಳಲಾಗುವುದು. ಯಜಮಾನರು ಎರಡು ಸಲ ಓದಿ, ಕನ್ನಡಕ ಕೆಳಗೆ ಬಿಟ್ಟು, "ಕೈ ಕೊಟ್ಟಂಗಾತು" ಎಂದರು.

ಮೊದಲು ಫೋನು ಬಂದದ್ದು ರಾಮಗಿರಿಯ ಒಬ್ಬ ಹೆಂಗಸಿನದು. ಬಸ್ಸು ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತದೆಂದು ಹೇಳಿದಳು. ಟ್ಯಾಲಿ ಎಲ್ಲಿ ಕಲಿತೆನೆಂದು ಹೇಳಿದಳು. ಅತ್ತೆಯ ಆರೋಗ್ಯ, ಮಗನ ಶಾಲೆ, ಅಂಗಡಿಯಲ್ಲಿ ಕುಡಿಯುವ ನೀರು ಇದೆಯೋ ತರಬೇಕೋ, ಎಲ್ಲ ಆಯಿತು. ಜಾಹೀರಾತಿನ ಕಡೆಯ ಸಾಲನ್ನು ಅವಳು ಓದಿದ್ದಾಳೆಂದು ನನಗೆ ಗೊತ್ತಿತ್ತು; ಆ ಸಾಲಿನ ಹತ್ತಿರ ಬಂದಾಗಲೆಲ್ಲ ಅವಳ ಮಾತು ಒಂದು ಸುತ್ತು ಹಾಕಿ ಬೇರೆ ಕಡೆ ಹೋಗುತ್ತಿತ್ತು. ಹತ್ತು ನಿಮಿಷವಾಯಿತು. "ಸರಿ ಮೇಡಂ, ಇಡ್ಲಾ ಹಂಗಾದ್ರೆ?" ಎಂದಳು.

"ಇಡಬ್ಯಾಡಮ್ಮ," ಎಂದೆ, "ಇನ್ನೊಂದು ಕೇಳಬೇಕಿತ್ತಲ್ಲ ನೀನು."

ಆ ಕಡೆ ಉಸಿರು ಎಳೆದುಕೊಂಡ ಸದ್ದು. ಈ ಕಡೆ ಗರಗಸ ನಿಂತಿತು. ನಾನು ಫೋನನ್ನು ಕಿವಿಯ ಹತ್ತಿರ ಹಿಡಿದು, ಸೆರಗನ್ನು ಬಾಯಿಗೆ ಅಡ್ಡ ತಂದು, ಅಂಕಿಯನ್ನು ಹೇಳಿದೆ.